ಹನ್ನೊಂದು ಸಾವಿರ ಬಾಟಲಿ

ಪುಣೆ
12 ಜೂನ್ 2023

ಸಾವ್ಕಾರ್ ಕಲ್ಲೇಶಪ್ಪನವರಿಗೆ ನಮಸ್ಕಾರ.

ನಾನು ನಾಜಿಯಾ. ಚಳ್ಳಕೆರೆಯ ನಿಮ್ಮ ಎಣ್ಣೆ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಬುಡೇನ್ ಸಾಬರ ಮಗಳು. ಊರು ಬಿಟ್ಟು ಮೂವತ್ತು ವರ್ಷ ದಾಟಿತು, ನಿಮಗೆ ನೆನಪಿರಲಾರದು.

ನನ್ನದು ಗಾಜಿನ ಕೆಲಸ. ಕಾರ್ಖಾನೆಯದಲ್ಲ. ಒಂದು ಕುಲುಮೆ, ಒಂದು ಊದುಕೊಳವೆ, ಒಂದರಂತೆ ಇನ್ನೊಂದಿರದ ಪಾತ್ರೆಗಳು. ಹದಿನಾರು ವರ್ಷದಿಂದ ಇಲ್ಲಿನ ಕಲಾ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತಿದ್ದೆ. ಈಗ ಸಾಕೆನಿಸಿದೆ. ಮೊಳಕಾಲ್ಮೂರಿನಲ್ಲಿ ನನ್ನ ಮಾಮೂ ಅವರ ರೇಷ್ಮೆ ಮಗ್ಗದ ಶೆಡ್ ಖಾಲಿ ಬಿದ್ದಿದೆ. ಅಲ್ಲಿ ಕುಲುಮೆ ಹಾಕಿ, ಸುತ್ತಲಿನ ಏಳೆಂಟು ಮಕ್ಕಳಿಗೆ ಕಲಿಸಬೇಕು ಅಂತಿದ್ದೇನೆ.

ಕೇಳಬೇಕಾದದ್ದು ಇಷ್ಟೇ. ಪ್ಲಾಸ್ಟಿಕ್ ಪ್ಯಾಕೆಟ್ ಬರುವ ಮೊದಲು ನೀವು ಎಣ್ಣೆ ತುಂಬಿಸುತ್ತಿದ್ದ ಗಾಜಿನ ಬಾಟಲಿಗಳು ಗೋಡೌನಿನಲ್ಲಿ ಇನ್ನೂ ಇವೆಯಂತೆ. ಎಲ್ಲವೂ ಒಂದೇ ಕಾರ್ಖಾನೆಯವೇ? ಇದು ಮುಖ್ಯ. ಗಾಜು ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಒಂದೊಂದು ಬಗೆಯ ಗಾಜು ಕುಗ್ಗುವ ಲೆಕ್ಕ ಒಂದೊಂದು. ಎರಡು ಬಗೆಯವು ಒಂದೇ ಪಾತ್ರೆಯಲ್ಲಿ ಸೇರಿದರೆ ಒಂದನ್ನೊಂದು ಜಗ್ಗಿ ಸೀಳುತ್ತವೆ. ಇವತ್ತಲ್ಲದಿದ್ದರೆ ತಿಂಗಳು ಬಿಟ್ಟು.

ನಿಮ್ಮ ಫೋನ್ ನಂಬರ್ ಬರೆದರೆ ಕರೆ ಮಾಡುತ್ತೇನೆ.

ನಾಜಿಯಾ


ಚಳ್ಳಕೆರೆ
20 ಜೂನ್ 2023

ನಾಜಿಯಾ ಮೇಡಂ ಅವರಿಗೆ ಕಲ್ಲೇಶಪ್ಪ ಮಾಡುವ ನಮಸ್ಕಾರಗಳು.

ಬ್ಯಾಂಕು, ಕೋರ್ಟು, ವಿಮೆಯವರನ್ನು ಬಿಟ್ಟು ನನಗೆ ಯಾರಾದರೂ ಕಾಗದ ಬರೆದು ಹನ್ನೆರಡು ವರ್ಷ ಆಗಿತ್ತು. ನಮ್ಮ ಮನೆಯವರು ಕೊಟ್ರಮ್ಮ ಕವರ್ ಹಿಂದೆ ಮುಂದೆ ತಿರುಗಿಸಿ, "ಯಾರ್ರೀ ಈ ನಾಜಿಯಾ, ಈ ವಯಸ್ಸಲ್ಲಿ?" ಅಂದಳು. "ಬುಡೇನ್ ಸಾಬನ ಮಗಳು ಕಣೇ." "ಓ, ಆ ಗಾಜು ಬಗ್ಗಿಸಿದ ಹುಡುಗಿನಾ?"

ನೆನಪಿರಲಾರದು ಅಂತೀರಲ್ಲ. ಆಗಿನ್ನೂ ಮಿಲ್ಲು ಬಾಡಿಗೆದು. ಬಾಯ್ಲರಿನಲ್ಲಿ ನೀರೆಷ್ಟೈತೆ ಅಂತ ತೋರಿಸೋ ಗಾಜಿನ ಕೊಳವೆ ಒಡೆದಿತ್ತು. ನಿಮ್ಮಪ್ಪ ಹೊಸದು ಕೂರಿಸ್ತಿದ್ದ. ಒಂಬತ್ತು ವರ್ಷದ ನೀವು ಹಳೇ ತುಂಡು ಎತ್ತಿ ಗ್ಯಾಸ್ ಉರಿಗೆ ಹಿಡಿದಿರಿ. ಮೊದಲು ಉರಿ ಹಳದಿಯಾಯ್ತು. ಆಮೇಲೆ ಆ ಕೊಳವೆ ನಿದ್ದೆ ಬಂದ ಕೂಸಿನ ಕತ್ತಿನ ಹಾಗೆ ಮೆಲ್ಲಗೆ ವಾಲಿತು. ನಾನು ಮೂಟೆ ಲೆಕ್ಕ ಹಾಕ್ತಿದ್ದವನು ಲೆಕ್ಕ ಮರೆತೆ. ಗಾಜು ಅಂದರೆ ಒಡೆಯೋ ವಸ್ತು ಅಂತ ತಿಳಿದಿದ್ದೆ, ಬಾಗ್ತದೆ ಅಂತ ಗೊತ್ತಿರಲಿಲ್ಲ. ನಿಮ್ಮಪ್ಪ ಬೆನ್ನಿಗೆ ಎರಡು ಬಿಟ್ಟ. ನೀವು ಅಳಲಿಲ್ಲ, ಕೊಳವೆ ಕೆಳಗಿಡಲೂ ಇಲ್ಲ.

ಫೋನು ಬೇಡ. ನಲವತ್ತು ವರ್ಷ ಗಾಣದ ಯಂತ್ರಗಳ ಪಕ್ಕ ನಿಂತು ನನ್ನ ಎರಡೂ ಕಿವಿ ಮಿಲ್ಲಿಗೆ ಜಮಾ ಆದವು. ವಾಟ್ಸಾಪ್ ಅಂದರೆ ಈ ಹೆಬ್ಬೆರಳು ಒಂದು ಅಕ್ಷರ ಒತ್ತಿದರೆ ಮೂರು ಬೀಳ್ತವೆ. ಕಾಗದವೇ ಬರೀರಿ.

ಬಾಟಲಿ ಎಲ್ಲವೂ ಒಂದೇ ಕಾರ್ಖಾನೆದು, ಒಂದೇ ವರ್ಷದ್ದು. ಮೈಮೇಲೆ ಜೋಡೆತ್ತಿನ ಗುರುತು ಐತೆ. ಸ್ಟಾಕ್ ಪುಸ್ತಕದ ಪ್ರಕಾರ ಹನ್ನೊಂದು ಸಾವಿರದ ಇನ್ನೂರ ನಲವತ್ತು. ಕಲ್ಲೇಶಪ್ಪನ ಪುಸ್ತಕದಲ್ಲಿ ಇದ್ದದ್ದು ಗೋಡೌನಲ್ಲಿರ್ತದೆ, ಇದು ಇಡೀ ಪೇಟೆಗೆ ಗೊತ್ತು. ಪೂರಾ ನಿಮಗೇ. ಬೆಲೆ ಮಾತು ಎತ್ತಬೇಡಿ, ಬುಡೇನ್ ನಗ್ತಾನೆ.

ಅಷ್ಟು ದೊಡ್ಡ ಕೆಲಸ ಯಾಕೆ ಬಿಟ್ಟಿರಿ? ಯಾರ ಜೊತೆ ಜಗಳ?

ಕಲ್ಲೇಶಪ್ಪ


ಮೊಳಕಾಲ್ಮೂರು
3 ಜನವರಿ 2024

ಸಾವ್ಕಾರ್ರೇ,

ಕುಲುಮೆ ಹೊತ್ತಿದೆ. ನಿಮ್ಮ ಮೊದಲ ಲಾರಿ ಬಾಟಲಿಗಳನ್ನು ಮಕ್ಕಳು ತೊಳೆದು, ಒಡೆದು, ಕುಲುಮೆಯೊಳಗಿನ ಮೂಸೆಗೆ ಹಾಕಿದರು. ಸಾವಿರದ ನೂರು ಡಿಗ್ರಿ. ತಿಳಿಯಾದ, ಗುಳ್ಳೆಯಿಲ್ಲದ ಗಾಜು ಬಂತು. ಇಷ್ಟು ಒಳ್ಳೆಯ ಗಾಜು ನನಗೆ ಪುಣೆಯಲ್ಲೂ ಸಿಕ್ಕಿರಲಿಲ್ಲ.

ಏಳು ಮಕ್ಕಳಿದ್ದಾರೆ. ಅವರಲ್ಲಿ ದೊಡ್ಡಉಳ್ಳಾರ್ತಿಯ ಶಿಲ್ಪಾ ಅಂತ ಒಬ್ಬಳು, ಹತ್ತೊಂಬತ್ತು ವರ್ಷ. ಕುರಿ ಮೇಯಿಸುವ ಮನೆ. ಹುಲ್ಲುಗಾವಲಿನಲ್ಲಿ ದೂರ ನೋಡಿ ಬೆಳೆದ ಕಣ್ಣು, ಗಾಜು ಯಾವ ಕಡೆ ಜಾರುತ್ತದೆಂದು ಜಾರುವ ಮೊದಲೇ ಅದಕ್ಕೆ ಗೊತ್ತು. ಹೋದ ವಾರ ಹಳೆಯ ಶಾಸನಗಳಿರುವ ಬ್ರಹ್ಮಗಿರಿ ಕಡೆಯ ನಂಟರ ಹೊಲದಲ್ಲಿ ಸಿಕ್ಕಿತೆಂದು ಒಂದು ನೀಲಿ ಮಣಿ ತಂದು ನನ್ನ ಅಂಗೈಯಲ್ಲಿಟ್ಟಳು. ಜೋಳದ ಕಾಳಿನಷ್ಟು. ಗಾಜು. ಎಷ್ಟು ಹಳೆಯದೋ ನನಗೆ ತಿಳಿಯದು. ಕಡ್ಡಿಗೆ ಸುತ್ತಿದ ಸುರುಳಿ ಮಾತ್ರ ಭೂತಗನ್ನಡಿಯಲ್ಲಿ ಕಾಣುತ್ತದೆ. ಯಾರೋ ಒಬ್ಬರು ಉರಿಯ ಮುಂದೆ ಕೂತು ಕೈ ತಿರುಗಿಸಿದ್ದಾರೆ, ನಾನು ತಿರುಗಿಸುವ ಹಾಗೆಯೇ, ಎಡದಿಂದ ಬಲಕ್ಕೆ. ಅವತ್ತು ಪಾಠ ಮಾಡಲು ನನ್ನಿಂದ ಆಗಲಿಲ್ಲ.

ನನ್ನ ಕಥೆ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಲ್ಯಾಬುಗಳಿಗೆ ಗಾಜಿನ ಉಪಕರಣ ಮಾಡುವ ವರ್ಕ್‌ಶಾಪಿನಲ್ಲಿ ನಾಲ್ಕು ವರ್ಷ. ಫಿರೋಜಾಬಾದಿನಲ್ಲಿ ಆರು ವರ್ಷ. ಹೆಂಗಸು ಕುಲುಮೆ ಮುಟ್ಟಬಾರದು ಅಂತ ಮೊದಲ ವರ್ಷ ಗಾಜು ಅರೆಯಲು ಕೂರಿಸಿದರು. ಆಮೇಲೆ ಸ್ವೀಡನ್ನಿನಲ್ಲಿ ಎರಡು ವರ್ಷ. ಅಲ್ಲಿ ಒಬ್ಬ ಮುದುಕ ಮೇಷ್ಟ್ರು ಭಾಷೆ ಬಾರದ ನನಗೆ ಬರೀ ಕೈಸನ್ನೆಯಲ್ಲಿ ಕಲಿಸಿದರು. ನಾನು ಕಲಿಸುವುದೂ ಹಾಗೆಯೇ.

ಜಗಳ ಯಾರ ಜೊತೆಯೂ ಇಲ್ಲ.

ನಾಜಿಯಾ


ಚಳ್ಳಕೆರೆ
19 ಫೆಬ್ರವರಿ 2024

ನಾಜಿಯಾ,

ಮೊನ್ನೆ ಬಂದು ನೋಡಿ ಹೋದಾಗಿನಿಂದ ನನ್ನ ತಲೆ ನೆಟ್ಟಗಿಲ್ಲ. ಇನ್ನು ಮೇಲೆ ನೀನು, ತಾನು. ಮೇಡಂ ಅನ್ನೋಕೆ ನನ್ನ ಕೈ ಓಡ್ತಿಲ್ಲ.

ಹೊಸ ಕಡಲೆಕಾಯಿ ಎಣ್ಣೆ ಗಾಣದಿಂದ ಇಳಿಯೋದನ್ನು ನೋಡಿದ್ದೀನಿ, ಅದಕ್ಕಿಂತ ಚೆಂದದ್ದು ಲೋಕದಲ್ಲಿ ಇಲ್ಲ ಅಂತ ಸಾಯೋವರೆಗೂ ಹೇಳೋನಿದ್ದೆ. ನೀನು ಕುಲುಮೆ ಬಾಗಿಲು ತೆಗೆಸಿದೆ. ಒಳಗೆ ಬೆಂಕಿ ಕಾಣಲಿಲ್ಲ. ಬರೀ ಬೆಳಕು, ಕೆರೆ ತುಂಬಿ ನಿಂತ ಹಾಗೆ. ಶಿಲ್ಪಾ ಕೊಳವೆ ಅದ್ದಿ ತಿರುಗಿಸಿ ತೆಗೆದಳು. ತುದಿಯಲ್ಲಿ ಜೇನು. ನಮ್ಮ ಜೋಡೆತ್ತು ಎಲ್ಲಿ ಹೋದವು ಅಂತ ನಾನು ಹುಡುಕ್ತಾ ನಿಂತೆ! ಆ ಹುಡುಗಿ ಊದಿದಳು, ಬೀಸಿದಳು, ಬರೀ ಅಂಗೈ ಮೇಲೆ ಒದ್ದೆ ಪೇಪರ್ ಇಟ್ಟು ಅದರಲ್ಲೇ ಗಾಜು ಸವರಿದಳು. ಪೇಪರ್ ಹೊಗೆ ಬಿಟ್ಟಿತು, ಗಾಜು ನಗ್ತಾ ತಿರುಗಿತು. ನಾಲ್ಕು ನಿಮಿಷದಲ್ಲಿ ಒಂದು ಹೂಜಿ. ನನ್ನ ಕಣ್ಣಲ್ಲಿ ನೀರು ಬಂದದ್ದು ಶಾಖಕ್ಕೆ ಅಂತ ಕೊಟ್ರಮ್ಮನ ಹತ್ತಿರ ಹೇಳಿದ್ದೀನಿ.

ಆದರೂ ಒಂದು ಮಾತು. ಕಿವಿ ಇಲ್ಲದೋನು ಕಣ್ಣಲ್ಲೇ ಲೆಕ್ಕ ಹಾಕ್ತಾನೆ. ಅವತ್ತು ಕೊಳವೆ ನಲವತ್ತೊಂದು ಸಲ ಕುಲುಮೆಗೆ ಹೋಯಿತು. ಶಿಲ್ಪಾ ಹನ್ನೆರಡು ಸಲ ಊದಿದಳು, ಉಳಿದದ್ದು ಮಿಕ್ಕ ಮಕ್ಕಳು. ನಿನ್ನ ಬಾಯಿಗೆ ಕೊಳವೆ ಹೋದದ್ದು ಸೊನ್ನೆ. ಮದುವೆ ಅಡುಗೆ ಭಟ್ಟರು ಹೆಸರಾದ ಮೇಲೆ ಸೌಟು ಮುಟ್ಟಲ್ಲ, ಕುರ್ಚಿ ಹಾಕ್ಕೊಂಡು ಬೆರಳು ತೋರಿಸ್ತಾರೆ. ನೀನೂ ಆ ಸಾಲಿಗೆ ಸೇರಿದೆಯಾ? ನಾನು ನೋಡಬೇಕಂತ ಬಂದದ್ದು ಬುಡೇನ್ ಮಗಳು ಊದೋದನ್ನ.

ಕಲ್ಲೇಶಪ್ಪ


ಮೊಳಕಾಲ್ಮೂರು
2 ಮಾರ್ಚ್ 2024

ಕಲ್ಲೇಶಪ್ಪನವರೇ,

ಕಲಿಸುವವರು ಊದಲೇಬೇಕೆಂದಿಲ್ಲ. ನೋಡಲು ಗೊತ್ತಿರಬೇಕು, ಅಷ್ಟೆ.

ಮಳೆಗಾಲದ ನಂತರ ಒಬ್ಬೊಬ್ಬ ವಿದ್ಯಾರ್ಥಿಯೂ ಒಂದೊಂದು ದೊಡ್ಡ ಹೂಜಿ ಮಾಡುತ್ತಾರೆ. ಮೊಣಕಾಲೆತ್ತರದ್ದು. ಅದು ನಿಂತರೆ ಅವರು ಕಲಿತಂತೆ. ಉಳಿದ ಬಾಟಲಿಗಳನ್ನು ಆಗಸ್ಟ್ ಒಳಗೆ ಕಳಿಸಿ.

ನಾಜಿಯಾ


ಚಳ್ಳಕೆರೆ
28 ಆಗಸ್ಟ್ 2024

ನಾಜಿಯಾ,

ಸಿಟ್ಟಾಗಿದ್ದೀಯ ಅಂತ ಆರು ತಿಂಗಳು ಸುಮ್ಮನಿದ್ದೆ. ದೊಡ್ಡೋರಾದವರಿಗೆ ಒಂದಿಷ್ಟು ಜಂಬ ಇರಲಿ ಬಿಡು, ಗಳಿಸಿದ್ದೀಯ.

ಕೊನೇ ಲೋಡ್ ನಾಳೆ ಬರ್ತದೆ. ಈ ಸಲ ನಾನೇ ನಿಂತು ಪುಡಿ ಮಾಡಿಸಿ, ಚೀಲ ತುಂಬಿಸಿದ್ದೀನಿ, ಮಕ್ಕಳಿಗೆ ಒಡೆಯೋ ಶ್ರಮ ಯಾಕೆ. ಇದರೊಂದಿಗೆ ಹನ್ನೊಂದು ಸಾವಿರದ ಇನ್ನೂರ ನಲವತ್ತು ಪೂರಾ ಆಯಿತು. ಹೇಳಿದ ಲೆಕ್ಕಕ್ಕೆ ಒಂದು ಬಾಟಲಿ ಕಮ್ಮಿ ಇಲ್ಲ.

ಕಲ್ಲೇಶಪ್ಪ


ಮೊಳಕಾಲ್ಮೂರು
9 ನವೆಂಬರ್ 2024

ಕಲ್ಲೇಶಪ್ಪನವರೇ,

ಏಳು ಹೂಜಿಗಳೂ ಆಗಿದ್ದವು. ಕುಲುಮೆಯಿಂದ ತೆಗೆದ ಪಾತ್ರೆಯನ್ನು ಬೇರೆ ಗೂಡಿನಲ್ಲಿಟ್ಟು ಮೂರು ದಿನ ಮೆಲ್ಲಗೆ ಆರಿಸುತ್ತೇವೆ. ಅವಸರ ಮಾಡಿದರೆ ಸೀಳುತ್ತದೆ. ಒಂದು ಗಂಟೆಯನ್ನೂ ಕದಿಯಲಿಲ್ಲ. ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿದೆವು. ಬೆಳಗಿನ ಬಿಸಿಲಿಗೆ ಗೋಡೆಯೆಲ್ಲ ನೀರಿನ ನೆರಳು ಆಡುತ್ತಿತ್ತು. ಜಟಿಂಗ ರಾಮೇಶ್ವರ ಬೆಟ್ಟದ ಗುಡಿಗೆ ಹೊರಟವರು ಬಸ್ಸಿಳಿದು ಬಂದು, ಚಪ್ಪಲಿ ಬಿಟ್ಟು ಒಳಗೆ ಬಂದು ನೋಡಿ ಹೋದರು. ಯಾರೂ ಬಿಡಿ ಎಂದಿರಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಟಿಣ್ ಎಂದು ಒಂದು ಸದ್ದು. ಮೂರನೆಯ ಹೂಜಿ ಬುಡದಿಂದ ಕತ್ತಿನವರೆಗೆ ಸೀಳಿತ್ತು. ಯಾರೂ ಮುಟ್ಟಿರಲಿಲ್ಲ. ಮರುದಿನ ಐದನೆಯದು. ನಾಲ್ಕು ದಿನದಲ್ಲಿ ಐದು ಹೋದವು. ಚೂರು ಹಿಡಿದು ನೋಡಿದರೆ ಒಳಗೆ ಕೂದಲೆಳೆಯಂಥ ಗೆರೆಗಳಿವೆ.

ಒಂದು ಕೇಳುತ್ತೇನೆ, ಸಿಟ್ಟಾಗಬೇಡಿ. ಕೊನೆಯ ಚೀಲಗಳಲ್ಲಿ ಇದ್ದದ್ದೆಲ್ಲ ನಿಮ್ಮ ಬಾಟಲಿಯೇ ತಾನೆ?

ನಾಜಿಯಾ


ಚಳ್ಳಕೆರೆ
14 ನವೆಂಬರ್ 2024

ನಾಜಿಯಾ,

ಎಲ್ಲ ಒಂದೇ. ಅನುಮಾನ ಬೇಡ. ಹೊಸದರಲ್ಲಿ ಇಂಥದ್ದು ಆಗ್ತದೆ, ನಮ್ಮ ಮೊದಲ ಗಾಣವೂ ಮೂರು ಸಲ ಕೈಕೊಟ್ಟಿತ್ತು. ಇಲ್ಲಿ ಚಳಿ ಶುರುವಾಗೈತೆ. ಕೊಟ್ರಮ್ಮ ಶೇಂಗಾ ಹೋಳಿಗೆ ಕಳಿಸಿದ್ದಾಳೆ, ಮಕ್ಕಳಿಗೆ ಕೊಡು.

ಕಲ್ಲೇಶಪ್ಪ


ಮೊಳಕಾಲ್ಮೂರು
1 ಡಿಸೆಂಬರ್ 2024

ಕಲ್ಲೇಶಪ್ಪನವರೇ,

ನಿಮ್ಮ ಮಾತು ನಂಬಿದೆ. ಆದ್ದರಿಂದ ಉಳಿದದ್ದು ಒಂದೇ ಕಾರಣ, ನಾನು.

ಮೊನ್ನೆ ಆರನೆಯದು ಶಿಲ್ಪಾ ಒರೆಸುತ್ತಿದ್ದಾಗಲೇ ಬಿಚ್ಚಿಕೊಂಡಿತು. ಬಲ ಅಂಗೈಗೆ ಮೂರು ಹೊಲಿಗೆ. ಅವಳು ಅಳಲಿಲ್ಲ. "ಮಿಸ್, ನಾನು ಜೋರಾಗಿ ಹಿಡಿದೆ ಅನ್ಸುತ್ತೆ" ಅಂದಳು. ತಪ್ಪನ್ನು ತಾನೇ ಹೊತ್ತುಕೊಂಡಳು. ಅವಳ ಕೈ ಅದು, ಸಾವ್ಕಾರ್ರೇ. ಅಂಥ ಕೈ ನನಗೆ ಹದಿನಾರು ವರ್ಷದಲ್ಲಿ ಒಂದೂ ಸಿಕ್ಕಿರಲಿಲ್ಲ.

ನೀವು ಲೆಕ್ಕ ಹಾಕಿದ ಸೊನ್ನೆ ಸರಿ. ಜಂಬವಲ್ಲ. ಫಿರೋಜಾಬಾದಿನಲ್ಲಿ ಅರೆದ ಗಾಜಿನ ದೂಳು ನನ್ನ ಶ್ವಾಸಕೋಶದಲ್ಲಿ ಕೂತಿದೆ. ನಾಲ್ಕು ವರ್ಷದಿಂದ ಒಂದು ಲೋಟದಷ್ಟು ಗುಳ್ಳೆ ಊದಲೂ ಉಸಿರಿಲ್ಲ. ಪುಣೆಯಲ್ಲಿ ಎಲ್ಲರೂ ಕರುಣೆಯಿಂದ ಬಾಗಿಲು ತೆರೆದು ಹಿಡಿಯಲು ಶುರು ಮಾಡಿದರು, ಅದಕ್ಕೇ ಹೊರಟೆ. ಉಸಿರು ಹೋದರೂ ಕಣ್ಣು ಇದೆ, ಶಾಖ ನೋಡಿ ಹೇಳಬಲ್ಲೆ, ಹಾಗಾಗಿ ಕಲಿಸಬಲ್ಲೆ ಅಂದುಕೊಂಡಿದ್ದೆ. ಶಾಖ ನೋಡಿದವಳು ನಾನೇ, ಆರಿಸುವ ಲೆಕ್ಕ ಬರೆದವಳೂ ನಾನೇ. ಆರು ಹೂಜಿ ಸೀಳಿದವು. ಅಂದರೆ ಕಣ್ಣೂ ಹೋಗಿದೆ. ಕಣ್ಣಿಲ್ಲದ ಮೇಷ್ಟ್ರು ಮಕ್ಕಳನ್ನು ಕುಲುಮೆಯ ಮುಂದೆ ನಿಲ್ಲಿಸಬಾರದು.

ಇಪ್ಪತ್ತನೇ ತಾರೀಕು ಕುಲುಮೆ ಆರಿಸುತ್ತೇನೆ. ಒಮ್ಮೆ ಆರಿದರೆ ಮೂಸೆ ಒಡೆಯುತ್ತದೆ, ಮತ್ತೆ ಹೊತ್ತಿಸುವ ಪ್ರಶ್ನೆಯಿಲ್ಲ. ನಿಮ್ಮ ಬಾಟಲಿಗಳಿಗೆ ನಾನು ಋಣಿ.

ನಾಜಿಯಾ


ಚಳ್ಳಕೆರೆ
5 ಡಿಸೆಂಬರ್ 2024

ತಾಯಿ,

ಈ ಕಾಗದ ಅಂಚೆಗೆ ಹಾಕ್ತಿಲ್ಲ, ಮೊಳಕಾಲ್ಮೂರು ಬಸ್ಸಿನ ಡ್ರೈವರ್ ಕೈಗೆ ಕೊಡ್ತಿದ್ದೀನಿ. ಅವನು ನಿನ್ನ ಕೈಗೇ ಕೊಡಬೇಕು, ನೀನು ನಿಂತೇ ಓದಬೇಕು. ಕುಲುಮೆ ಮುಟ್ಟಬೇಡ. ನಿನ್ನ ಕಣ್ಣು ಸರಿ ಐತೆ.

ಬಾಟಲಿ ಹನ್ನೊಂದು ಸಾವಿರ ಇರಲೇ ಇಲ್ಲ. ಪ್ಯಾಕೆಟ್ ಬಂದ ವರ್ಷ ಕಾರ್ಖಾನೆಯ ಬಿಲ್ಲು ನೋಡಿ ಸ್ಟಾಕ್ ಪುಸ್ತಕಕ್ಕೆ ಇಳಿಸಿದೆ, ಗೋಡೌನಿಗೆ ಹೋಗಿ ಎಣಿಸಲಿಲ್ಲ. ಮಿಲ್ಲಿನ ಎಪ್ಪತ್ತು ಆಳಿಗೂ "ಎಣಿಸಿ ಬರೀರಲೇ" ಅಂತ ಬೈದವನು ಒಂದೇ ಸಲ ಎಣಿಸದೆ ಬರೆದೆ. ಆಗಸ್ಟಿನಲ್ಲಿ ಮೂಲೆ ತಡವಿದರೆ ಸಾವಿರದ ಮುನ್ನೂರು ಕಮ್ಮಿ. ನಿನಗೆ ಹೇಳಬಹುದಿತ್ತು. ನೀನು ಬೈತಿರಲಿಲ್ಲ. ಆದರೆ ಕಲ್ಲೇಶಪ್ಪನ ಪುಸ್ತಕ ಸುಳ್ಳು ಅಂತ ನನ್ನ ಕೈಯಾರೆ ಬರೀಬೇಕಿತ್ತಲ್ಲ.

ಗುಜರಿಯವನ ಹತ್ತಿರ ಯಾವುದೋ ಲ್ಯಾಬಿನ ಒಡೆದ ಗಾಜು ಬಂದಿತ್ತು. ಬುಡ್ಡಿ, ಕೊಳವೆ, ತಿಳಿ ಅಂದರೆ ತಿಳಿ, ಬೆಂಕಿಗಿಟ್ಟರೂ ಒಡೆಯಲ್ಲ ಅಂದ. ನಮ್ಮ ಬಾಟಲಿಗಿಂತ ಮೇಲಿನ ಮಾಲು. ನಾಜಿಯಾಗೆ ಒಳ್ಳೇದೇ ಕೊಡ್ತಿದ್ದೀನಿ ಅಂತ ನನಗೆ ನಾನೇ ಹೇಳ್ಕೊಂಡೆ. ಎಣ್ಣೆ ವ್ಯಾಪಾರದವನ ಬುದ್ಧಿ ನೋಡು. ನೂರಕ್ಕೆ ಐದು ಬೇರೆ ಎಣ್ಣೆ ಬಿದ್ದರೆ ಯಾವ ನಾಲಿಗೆಗೂ ಗೊತ್ತಾಗಲ್ಲ. ಗಾಜಿನ ನಾಲಿಗೆ ಅಷ್ಟು ಸೂಕ್ಷ್ಮ ಅಂತ ನೀನು ಮೊದಲ ಕಾಗದದಲ್ಲೇ ಬರೆದಿದ್ದೆ. ಓದಿದ್ದೆ. ಅದಕ್ಕೇ ಪುಡಿ ಮಾಡಿಸಿ ಕಳಿಸಿದ್ದು, ಗುರುತು ಸಿಗದಿರಲಿ ಅಂತ. ನೀನು ನೇರ ಕೇಳಿದಾಗ ಹೋಳಿಗೆ ಕಳಿಸಿದೆ.

ಆ ಮಗುವಿನ ಅಂಗೈ ಸೀಳಿದ್ದು ನಾನು. ಅವಳಿಗೆ ನೀನು ಹೇಳಬೇಡ, ನಾನೇ ಬಂದು ಹೇಳ್ತೀನಿ.

ಕಲ್ಲೇಶಪ್ಪ


ಮೊಳಕಾಲ್ಮೂರು
7 ಡಿಸೆಂಬರ್ 2024

ಕುಲುಮೆ ಉರಿಯುತ್ತಿದೆ.

ನಿಮ್ಮ ಕಾಗದ ಓದಿ ಒಂದು ಗಂಟೆ ಸಂತೋಷವಾಯಿತು. ಆಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮೂವತ್ತು ದಿನ ನಾನು ನನ್ನ ಕಣ್ಣನ್ನು ಶಪಿಸಿದ್ದೇನೆ.

ಉರಿಯಲ್ಲೇ ಮೂಸೆ ಬರಿದು ಮಾಡಿ, ಮೊದಲ ಲಾರಿಗಳಲ್ಲಿ ಬಂದು ಉಳಿದಿದ್ದ, ನಿಮ್ಮ ಎತ್ತಿನ ಗುರುತಿರುವ, ಒಡೆಯದ ಬಾಟಲಿಗಳನ್ನಷ್ಟೇ ಹಾಕಿದ್ದೇವೆ. ಹದಿನಾರಕ್ಕೆ ಬನ್ನಿ. ಹೋಳಿಗೆ ತರಬೇಡಿ.

ನಾಜಿಯಾ


ಚಳ್ಳಕೆರೆ
18 ಡಿಸೆಂಬರ್ 2024

ನಾಜಿಯಾ,

ಮೊನ್ನೆ ಬಸ್ಸಿಳಿದು ಮನೆ ಸೇರೋ ಹೊತ್ತಿಗೆ ರಾತ್ರಿಯಾಗಿತ್ತು. ಇವತ್ತು ಬರೀತಿದ್ದೀನಿ.

ಶಿಲ್ಪಾ ಹತ್ತಿರ ಎಲ್ಲ ಹೇಳಿದೆ. ನನಗೆ ಕೇಳಲ್ಲ ಅಂತ ಅವಳು ಉತ್ತರ ಹಾಳೆಯಲ್ಲಿ ಬರೆದು ತೋರಿಸಿದಳು. "ತಾತ, ಎಣ್ಣೇಲಿ ಮಾಡಿದ ಹಾಗೆ ಗಾಜಲ್ಲಿ ಮಾಡಬ್ಯಾಡ್ರಿ." ಎಣ್ಣೇಲಿ ಯಾವತ್ತೂ ಮಾಡಿಲ್ಲ ಅನ್ನೋಕೆ ಬಾಯಿ ತೆಗೆದೆ. ಅವಳ ಅಂಗೈ ಗೆರೆ ನೋಡಿ ಮುಚ್ಚಿದೆ. ಅವಳು ಅದೇ ಕೈಯಲ್ಲಿ ಕೊಳವೆ ಕುಲುಮೆಗೆ ಅದ್ದಿ, ತುದಿಯ ಕೆಂಪು ಗಾಜಿನ ಸಮೇತ ನನ್ನ ಕೈಗೆ ಕೊಟ್ಟಳು. ಕ್ಷಮಿಸಿದ್ದೋ ಶಿಕ್ಷೆಯೋ ಇನ್ನೂ ತೀರ್ಮಾನಕ್ಕೆ ಬಂದಿಲ್ಲ.

ನೀನು ಎದುರು ನಿಂತು ಕೈ ಎತ್ತಿದೆ, ನಾನು ಊದಿದೆ. ಏನೂ ಆಗಲಿಲ್ಲ, ಗೋಡೆಗೆ ಊದಿದ ಹಾಗೆ. ನಿನ್ನ ಕೈ ಇನ್ನೂ ಮೇಲೆ. ಹೊಟ್ಟೆಯಿಂದ ಊದಿದೆ. ಆಗ ಆ ಕೆಂಪಿನ ನಡುವೆ ಸಾಸಿವೆಯಷ್ಟು ಒಂದು ಜಾಗ ಖಾಲಿಯಾಯ್ತು. ಸಾಸಿವೆ ಕಡಲೆಯಾಯ್ತು, ಕಡಲೆ ನಿಂಬೆಹಣ್ಣಾಯ್ತು. ಅದು ನನ್ನ ಉಸಿರು! ಎಪ್ಪತ್ತೊಂದು ವರ್ಷ ಒಳಗೆ ಹೊರಗೆ ಆಡಿದ್ದನ್ನು ಯಾವತ್ತೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದಕ್ಕೊಂದು ಆಕಾರ ಐತೆ ಅಂತ, ಅದು ಬೆಳಗ್ತದೆ ಅಂತ ಯಾರೂ ಹೇಳಿರಲಿಲ್ಲ. ನಿನ್ನ ಕೈ ಕೆಳಗಿಳೀತು, ನಿಲ್ಲಿಸಿದೆ. ನಿನ್ನ ಮುಖ ನೋಡಿದೆ. ನಾಲ್ಕು ವರ್ಷ ಇದಿಲ್ಲದೆ ನೀನು ಹೇಗಿದ್ದೆ ಅಂತ ಕೇಳಬೇಕಂದುಕೊಂಡೆ. ಕೊಳವೆ ಶಿಲ್ಪಾ ಕೈಗೆ ಕೊಟ್ಟೆ. ಕಲ್ಲೇಶಪ್ಪ ಕೇಳಬೇಕಾದ್ದನ್ನು ಕೇಳದೆ ಬಂದ ಅಂದರೆ ಪೇಟೆಯಲ್ಲಿ ಯಾರೂ ನಂಬಲ್ಲ.

ಗೂಡಿನಿಂದ ಅದು ಹೇಗೆ ಹೊರಬಂತು, ಬರಿ. ಸೀಳಿದ್ದರೂ ಬರಿ.

ಕಲ್ಲೇಶಪ್ಪ


ಮೊಳಕಾಲ್ಮೂರು
20 ಡಿಸೆಂಬರ್ 2024

ವಿದ್ಯಾರ್ಥಿ ಕಲ್ಲೇಶಪ್ಪನಿಗೆ,

ನಿನ್ನ ಪಾತ್ರೆ ಬೆಳಗ್ಗೆ ಗೂಡಿನಿಂದ ಹೊರಬಂತು. ಸೀಳಿಲ್ಲ. ಒಂದು ಪಕ್ಕ ದಪ್ಪ, ಇನ್ನೊಂದು ತೆಳು. ನಿಲ್ಲಿಸಿದರೆ ಎಡಕ್ಕೆ ವಾಲುತ್ತದೆ. ಬಾಯಿ ಎಲ್ಲಿ, ಬುಡ ಎಲ್ಲಿ ಎಂಬುದರ ಮೇಲೆ ಮಕ್ಕಳಲ್ಲಿ ಎರಡು ಪಕ್ಷ ಆಗಿದೆ. ಹತ್ತಕ್ಕೆ ಮೂರು ಅಂಕ. ಶಿಲ್ಪಾ ಎರಡೇ ಕೊಟ್ಟಿದ್ದಳು, ನಾನು ಒಂದು ಸೇರಿಸಿದೆ.

ಆದರೆ ಉಸಿರಿನ ವಿಷಯ ಬೇರೆ. ಮಿಲ್ಲಿನ ಸದ್ದಿನ ಮೇಲೆ ನಲವತ್ತು ವರ್ಷ ಕೂಗಿದ ಎದೆ ಅದು. ಒಂದೇ ಸಮ, ತಡೆಯಿಲ್ಲದೆ, ಉದ್ದ. ಈ ಏಳು ಮಕ್ಕಳಲ್ಲಿ ಯಾರಿಗೂ ಅಂಥ ಉಸಿರಿಲ್ಲ. ನೀನು ನನ್ನ ಕೈ ಬಿಟ್ಟು ಬೇರೇನನ್ನೂ ನೋಡಲಿಲ್ಲ. ನಾನು ಬೆರಳು ಮಡಚಿದಲ್ಲಿ ಗಾಜು ನಿಂತಿತು. ಇಷ್ಟು ವರ್ಷದ ಮೇಲೆ ಮೊದಲ ಸಲ ನಾನು ಊದಿದ ಹಾಗಾಯಿತು.

ನನ್ನ ಮನಸ್ಸಿನಲ್ಲಿ ಒಂದು ದೊಡ್ಡ ಪಾತ್ರೆ ಇದೆ. ಪುಣೆ ಬಿಡುವ ಮೊದಲಿನಿಂದ ಇದೆ, ಯಾರಿಗೂ ಹೇಳಿಲ್ಲ. ಗಾಜು ತಿರುಗಿಸುವುದು ಶಿಲ್ಪಾ, ಊದುವುದು ನೀನು. ಕೈ ನನ್ನದು. ಹನ್ನೆರಡು ಸಲ ಕೆಡುತ್ತದೆ, ಲೆಕ್ಕ ನೀನೇ ಇಟ್ಟುಕೋ.

ಸೋಮವಾರ ಬೆಳಗ್ಗೆ ಎಂಟು ಗಂಟೆ. ನಿನ್ನ ಜೇಬಿನಲ್ಲಿ ಕಂಡ ಬೀಡಿ ಕಟ್ಟು ಇವತ್ತಿನಿಂದ ಬಂದ್. ತಡವಾಗಿ ಬಂದವರನ್ನು ಶಿಲ್ಪಾ ಹೊರಗೆ ನಿಲ್ಲಿಸುತ್ತಾಳೆ, ನಾನು ಅಡ್ಡ ಬರುವುದಿಲ್ಲ.

ನಾಜಿಯಾ